ಚಿಲ್ಲರೆ ಹುಡುಕಾಟ: ಹಣ ಎಣಿಸುವುದನ್ನು ಕಲಿಸಲು ತರಗತಿಯ ಒಂದು ಆಟವನ್ನು ಸಿದ್ಧಪಡಿಸುವ ಬಗೆ

ಮೂರನೆಯ ತರಗತಿಯ ಮಗುವಿಗೆ 20, 5, 5, 2, 1 ಎಂಬ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದುಕೊಟ್ಟರೆ ಅದು ಹೆಚ್ಚು ತಡವರಿಸದೆ ಕೂಡಿ 33 ಎಂದು ಬರೆಯುತ್ತದೆ. ಅದೇ ಮಗುವಿನ ಅಂಗೈಯಲ್ಲಿ 20 ರೂಪಾಯಿಯ ಒಂದು ನೋಟು, 5 ರೂಪಾಯಿಯ ಎರಡು ನಾಣ್ಯ, 2 ರೂಪಾಯಿಯ ಒಂದು ಮತ್ತು 1 ರೂಪಾಯಿಯ ಒಂದು ನಾಣ್ಯವನ್ನಿಟ್ಟು ಎಷ್ಟಾಯಿತೆಂದು ಕೇಳಿದರೆ 40 ಎಂಬ ಉತ್ತರ ಬರಬಹುದು, ಕೆಲವೊಮ್ಮೆ 5 ಎಂಬ ಉತ್ತರವೂ ಬರಬಹುದು. ಇದನ್ನು ನಾನು ಹಲವು ವರ್ಷ ನೋಡಿದ್ದೇನೆ. ಮೊದಮೊದಲು ಸಂಕಲನವನ್ನೇ ಇನ್ನಷ್ಟು ಅಭ್ಯಾಸ ಮಾಡಿಸಿದೆ. ಅದರಿಂದ ಪ್ರಯೋಜನವಾಗಲಿಲ್ಲ, ಏಕೆಂದರೆ ಕೊರತೆಯಿದ್ದದ್ದು ಸಂಕಲನದಲ್ಲಿ ಅಲ್ಲ.

ಕೈಯಲ್ಲಿರುವ ಹಣವನ್ನು ಎಣಿಸುವಾಗ ಮಗು ಮೂರು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗುತ್ತದೆ. ಪ್ರತಿಯೊಂದು ನಾಣ್ಯದ ಬೆಲೆಯನ್ನು ಗುರುತಿಸಬೇಕು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿಕೊಳ್ಳಬೇಕು, ಆಮೇಲೆ ಎಣಿಕೆಯ ನಡುವೆಯೇ ಜಿಗಿತವನ್ನು ಬದಲಿಸಬೇಕು. ಮೂರನೆಯದೇ ಕಷ್ಟ. 20, 25, 30 ಎಂದು ಐದೈದಾಗಿ ಏರಿದ ನಾಲಿಗೆಯು ಎರಡು ರೂಪಾಯಿಯ ನಾಣ್ಯವನ್ನು ಮುಟ್ಟಿದಾಗಲೂ ಅದೇ ಓಟದಲ್ಲಿ 35 ಎಂದುಬಿಡುತ್ತದೆ. 40 ಎಂಬ ಉತ್ತರ ಹುಟ್ಟುವುದು ಹೀಗೆ. 5 ಎಂದ ಮಗು ನಾಣ್ಯದ ಬೆಲೆಯನ್ನು ಬಿಟ್ಟು ನಾಣ್ಯಗಳ ಸಂಖ್ಯೆಯನ್ನು ಎಣಿಸಿದೆ. ಎರಡು ತಪ್ಪುಗಳೂ ಬೇರೆ ಬೇರೆ, ಅವುಗಳಿಗೆ ಬೇಕಾದ ಮದ್ದೂ ಬೇರೆ.

ಹಿಂದೆ ಈ ಅಭ್ಯಾಸವನ್ನು ಬಹುಮಟ್ಟಿಗೆ ಬೀದಿಯ ಅಂಗಡಿಯೇ ಮಾಡಿಸುತ್ತಿತ್ತು. ಕೊತ್ತಂಬರಿ ಸೊಪ್ಪಿಗೋ ಬೆಂಕಿಪೊಟ್ಟಣಕ್ಕೋ ಓಡಿಹೋದ ಮಗು ಉಳಿದ ಚಿಲ್ಲರೆಯನ್ನು ಎಣಿಸಿ ಅಮ್ಮನ ಕೈಗೆ ಒಪ್ಪಿಸಬೇಕಾಗಿತ್ತು. ಈಗ ಎಳನೀರು ಮಾರುವವರ ಗಾಡಿಯಲ್ಲೂ ಕ್ಯೂಆರ್ ಕೋಡ್ ತೂಗುತ್ತದೆ, ಬಂದ ಹಣವೆಷ್ಟೆಂದು ಪುಟ್ಟ ಪೆಟ್ಟಿಗೆಯೊಂದು ಗಟ್ಟಿಯಾಗಿ ಹೇಳುತ್ತದೆ. ಮನೆಯಿಂದ ಎರಡು ಬಗೆಯ ನಾಣ್ಯ ತನ್ನಿರೆಂದು ಹೇಳಿದಾಗ, “ನಮ್ಮನೇಲಿ ಚಿಲ್ಲರೇನೇ ಇಲ್ಲ ಮಿಸ್, ಅಪ್ಪ ಎಲ್ಲಾ ಫೋನಲ್ಲೇ ಕೊಡ್ತಾರೆ” ಎಂದ ಹುಡುಗಿಯ ಮಾತಿನಲ್ಲಿ ಸ್ವಲ್ಪವೂ ಉತ್ಪ್ರೇಕ್ಷೆಯಿರಲಿಲ್ಲ. ಆದ್ದರಿಂದ ಅಂಗಡಿ ಕಲಿಸುತ್ತಿದ್ದುದನ್ನು ಈಗ ಶಾಲೆಯೇ ಕಲಿಸಬೇಕಾಗಿದೆ. ಅದಕ್ಕೆ ನಾನು ಬಳಸುವ ಆಟವೇ ಚಿಲ್ಲರೆ ಹುಡುಕಾಟ. ಇದು ಮೂರು ಮತ್ತು ನಾಲ್ಕನೆಯ ತರಗತಿಗಳಿಗೆ ಚೆನ್ನಾಗಿ ಹೊಂದುತ್ತದೆ. ನಲಿ-ಕಲಿಯಲ್ಲಿ ಕಾರ್ಡುಗಳನ್ನು ಹಿಡಿದು ತಂಡಗಳಲ್ಲಿ ಕುಳಿತು ಕಲಿತು ಬಂದ ಮಕ್ಕಳಿಗೆ ಇದರ ನಡೆ ಬೇಗ ಹಿಡಿಸುತ್ತದೆ.

ಆಟದ ಕಟ್ಟು

ಕೋಣೆಯ ಹತ್ತು ಕಡೆ ಹತ್ತು ಚೀಟಿಗಳನ್ನು ಅಡಗಿಸಿಡಲಾಗುತ್ತದೆ. ಪ್ರತಿ ಚೀಟಿಯ ಮೇಲ್ಭಾಗದಲ್ಲಿ ದೊಡ್ಡದಾಗಿ ಒಂದು ಮೊತ್ತ, ಮೂಲೆಯಲ್ಲಿ ಗುರುತಿಗಾಗಿ ಒಂದು ಚಿತ್ರ, ಕೆಳಭಾಗದಲ್ಲಿ ಒಂದು ಪ್ರಶ್ನೆ ಇರುತ್ತದೆ. ತಂಡವು ಪ್ರಶ್ನೆಯನ್ನು ಬಿಡಿಸಿ ಬಂದ ಉತ್ತರವನ್ನು ಹೊತ್ತಿರುವ ಚೀಟಿ ಎಲ್ಲಿದೆಯೆಂದು ಹುಡುಕುತ್ತದೆ. ಆ ಚೀಟಿಯ ಕೆಳಗಿರುವ ಪ್ರಶ್ನೆಯನ್ನು ಬಿಡಿಸಿ ಮುಂದಕ್ಕೆ ಹೋಗುತ್ತದೆ. ಹತ್ತನೆಯ ಪ್ರಶ್ನೆಯ ಉತ್ತರವು ಹೊರಟ ಚೀಟಿಗೇ ಮರಳಿ ತಂದು ಮುಟ್ಟಿಸುತ್ತದೆ. ಹೂವಿನ ಹಾರದಂತೆ ಇದಕ್ಕೆ ತುದಿಮೊದಲಿಲ್ಲದಿರುವುದರಿಂದ ಯಾವ ತಂಡ ಎಲ್ಲಿಂದ ಬೇಕಾದರೂ ಆರಂಭಿಸಬಹುದು.

ಮೊದಲ ಸಲ ನಾನು ಇದನ್ನು ಹಾರವಾಗಿ ಕಟ್ಟಿರಲಿಲ್ಲ. ಎಲ್ಲ ತಂಡಗಳೂ ಮೊದಲನೆಯ ಚೀಟಿಯಿಂದಲೇ ಹೊರಟವು, ಕಿಟಕಿಯ ಬಳಿ ನೂಕುನುಗ್ಗಲಾಯಿತು, ಚುರುಕಾದ ಒಂದು ತಂಡ ಎತ್ತ ಓಡಿತೋ ಉಳಿದವರೆಲ್ಲ ಎಣಿಸುವುದನ್ನು ಬಿಟ್ಟು ಅತ್ತಲೇ ಓಡಿದರು. ಹಾರದಂತೆ ಕಟ್ಟಿ ತಂಡಗಳನ್ನು ಬೇರೆ ಬೇರೆ ಚೀಟಿಗಳಿಂದ ಹೊರಡಿಸಿದ ಮೇಲೆ ಆ ತೊಂದರೆ ಇಲ್ಲವಾಯಿತು, ಏಕೆಂದರೆ ಪಕ್ಕದ ತಂಡದವರು ಹುಡುಕುತ್ತಿರುವ ಮೊತ್ತವೇ ಬೇರೆಯಾಗಿರುತ್ತದೆ.

ನಾಣ್ಯ ಮತ್ತು ನೋಟುಗಳನ್ನು ಹೊಂದಿಸುವುದು

ಚೀಟಿಗಳ ಮೇಲೆ ನಾಣ್ಯಗಳ ಚಿತ್ರ ಬೇಕಾಗುತ್ತದೆ. ಇದಕ್ಕೆ ಅತ್ಯುತ್ತಮ ಉಪಾಯವೆಂದರೆ ನಾಣ್ಯದ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲಿನಿಂದ ಓರೆಯಾಗಿ ಉಜ್ಜಿ ಅಚ್ಚು ತೆಗೆಯುವುದು. ಈ ಕೆಲಸವನ್ನು ಆಟದ ಹಿಂದಿನ ದಿನ ಮಕ್ಕಳಿಂದಲೇ ಮಾಡಿಸಬೇಕು. ಉಜ್ಜುತ್ತ ಉಜ್ಜುತ್ತ ಕಾಗದದ ಮೇಲೆ ಅಂಕೆ ಮೂಡಿಬರುವುದನ್ನು ನೋಡಿದ ಮಗು ಆ ನಾಣ್ಯವನ್ನು ಮರೆಯುವುದಿಲ್ಲ; ಗಾತ್ರವೂ ಇದ್ದಷ್ಟೇ ಬರುತ್ತದೆ. ಗಾತ್ರದ ವಿಷಯ ಇಲ್ಲಿ ಮುಖ್ಯ. 2011ರಲ್ಲಿ ಬಂದ ಸರಣಿಯಲ್ಲಿ 5 ರೂಪಾಯಿಯ ನಾಣ್ಯವು 2 ರೂಪಾಯಿಯ ನಾಣ್ಯಕ್ಕಿಂತ ಚಿಕ್ಕದು. ದೊಡ್ಡ ನಾಣ್ಯಕ್ಕೆ ಹೆಚ್ಚು ಬೆಲೆಯೆಂದು ನಂಬಿರುವ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಎರಡು ಅಚ್ಚುಗಳನ್ನೂ ಪಕ್ಕಪಕ್ಕದಲ್ಲಿ ಅಂಟಿಸಿ, ಯಾವುದರ ಬೆಲೆ ಹೆಚ್ಚೆಂದು ಕೇಳಿ, ಅಂಕೆಯನ್ನು ಓದಿಸಿ. ಐದು ನಿಮಿಷದಲ್ಲಿ ಆ ನಂಬಿಕೆ ಸಡಿಲವಾಗುತ್ತದೆ. ಒಂದೇ ಬೆಲೆಯ ನಾಣ್ಯ ಹಲವು ರೂಪಗಳಲ್ಲಿ ಇರುವುದನ್ನೂ ಆಗಲೇ ತೋರಿಸಿ. 10 ರೂಪಾಯಿಯ ನಾಣ್ಯವನ್ನು ಕೆಲವು ಅಂಗಡಿಗಳಲ್ಲಿ ಬೇಡವೆನ್ನುವುದನ್ನು ಕಂಡ ಮಕ್ಕಳು ಅದು ನಡೆಯುವುದಿಲ್ಲವೆಂದು ವಾದಿಸುವುದುಂಟು. ಅದುವರೆಗೆ ಬಂದಿದ್ದ 14 ವಿನ್ಯಾಸದ 10 ರೂಪಾಯಿ ನಾಣ್ಯಗಳೂ ಸಲ್ಲುತ್ತವೆಂದು ರಿಸರ್ವ್ ಬ್ಯಾಂಕ್ 2018ರಲ್ಲಿಯೇ ಸ್ಪಷ್ಟಪಡಿಸಿದೆ ಎಂಬುದನ್ನು ಅವರಿಗೆ ತಿಳಿಸಬೇಕು, ಅವರು ಅದನ್ನು ಮನೆಗೆ ಕೊಂಡೊಯ್ಯುತ್ತಾರೆ.

ನೋಟುಗಳ ವಿಷಯದಲ್ಲಿ ಎಚ್ಚರ ಅಗತ್ಯ. ನಿಜವಾದ ನೋಟನ್ನು ಬಣ್ಣದಲ್ಲಿ ಜೆರಾಕ್ಸ್ ಮಾಡಿಸಿ ಕತ್ತರಿಸುವ ಯೋಚನೆ ಮೊದಲು ಹೊಳೆಯುತ್ತದೆ, ಆದರೆ ಚಲಾವಣೆಯ ನೋಟನ್ನು ಹೋಲುವ ಕಾಗದವನ್ನು ತಯಾರಿಸುವುದು ಕಾನೂನಿನ ಪ್ರಕಾರ ಅಪರಾಧ. ಪಾಠಕ್ಕಾಗಿ ಎಂಬ ಸದುದ್ದೇಶವಿದ್ದರೂ ಆ ದಾರಿ ಬೇಡ. ಬಣ್ಣದ ಕಾಗದದ ಆಯತಗಳನ್ನು ಕತ್ತರಿಸಿ ಮೇಲೆ ದೊಡ್ಡ ಅಂಕೆಯನ್ನು ಬರೆದರೆ ಸಾಕು. ಬಣ್ಣಗಳು ಮಾತ್ರ ಈಗಿನ ನೋಟುಗಳ ಬಣ್ಣಕ್ಕೆ ಹತ್ತಿರವಿರಲಿ: 10ಕ್ಕೆ ಚಾಕೊಲೇಟ್ ಕಂದು, 20ಕ್ಕೆ ಹಸಿರು ಬೆರೆತ ಹಳದಿ, 50ಕ್ಕೆ ಹೊಳೆಯುವ ನೀಲಿ, 100ಕ್ಕೆ ತಿಳಿ ನೇರಳೆ, 200ಕ್ಕೆ ಕಡು ಹಳದಿ, 500ಕ್ಕೆ ಕಲ್ಲಿನ ಬೂದು. 20 ಮತ್ತು 200ರ ಬಣ್ಣಗಳು ಹತ್ತಿರದವಾದ್ದರಿಂದ ಮಂದ ಬೆಳಕಿನಲ್ಲಿ ದೊಡ್ಡವರೂ ತಡವರಿಸುತ್ತಾರೆ. ಆ ಗೊಂದಲವನ್ನು ಆಟದೊಳಕ್ಕೇ ತರಬೇಕು. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಒಂದೊಂದು ನಿಜವಾದ ನೋಟನ್ನು ಮಾತ್ರ ಹಿಂದಿನ ದಿನ ಕೈಯಿಂದ ಕೈಗೆ ದಾಟಿಸಿ ತೋರಿಸಿ. 50ರ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಪ್ರತಿ ನೋಟಿನ ಹಿಂಬದಿಯಲ್ಲೂ 15 ಭಾಷೆಗಳ ಪಟ್ಟಿಯಿದ್ದು, ಅದರಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ಕನ್ನಡದ್ದು. ಆ ಸಾಲನ್ನು ತಾವೇ ಹುಡುಕಿ ಓದಿದಾಗ ಮಕ್ಕಳ ಮುಖದಲ್ಲಿ ಕಾಣುವ ಸಂತೋಷಕ್ಕಾಗಿಯೇ ಹತ್ತು ನಿಮಿಷ ಮೀಸಲಿಡಬಹುದು. ದೃಷ್ಟಿ ಮಂದವಾಗಿರುವ ಮಗುವಿದ್ದರೆ 100, 200 ಮತ್ತು 500ರ ನೋಟುಗಳ ಅಂಚಿನಲ್ಲಿರುವ ಉಬ್ಬು ಗೆರೆಗಳನ್ನು ಬೆರಳಿಗೆ ತಾಗಿಸಿ: 100ಕ್ಕೆ ನಾಲ್ಕು ಗೆರೆ, 200ಕ್ಕೆ ನಾಲ್ಕು ಗೆರೆಯ ನಡುವೆ ಎರಡು ವೃತ್ತ, 500ಕ್ಕೆ ಐದು ಗೆರೆ. ಹಳತಾದ ನೋಟುಗಳಲ್ಲಿ ಉಬ್ಬು ಸವೆದಿರುತ್ತದೆ, ಆದ್ದರಿಂದ ಹೊಸ ನೋಟನ್ನೇ ತರಬೇಕು.

ಹತ್ತು ಚೀಟಿಗಳು

ನಾನು ಬಳಸುವ ಒಂದು ಹಾರವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ. ಸಂಖ್ಯೆಗಳನ್ನು ನಿಮ್ಮ ಮಕ್ಕಳಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ನವಿಲಿನ ಚೀಟಿಯ ಮೇಲೆ 115 ಎಂದು ಬರೆದಿರುತ್ತದೆ. ಅದರ ಪ್ರಶ್ನೆಯಲ್ಲಿ 10 ರೂಪಾಯಿಯ ಎರಡು ನಾಣ್ಯ, 5ರ ಒಂದು, 2ರ ಒಂದು. ಉತ್ತರ 27.

ಮಾವಿನ ಚೀಟಿಯ ಮೇಲೆ 27. ಪ್ರಶ್ನೆಯಲ್ಲಿ 20ರ ಒಂದು ನೋಟು, 5ರ ಎರಡು ನಾಣ್ಯ, 2ರ ಒಂದು, 1ರ ಒಂದು. ಉತ್ತರ 33.

ಆನೆಯ ಚೀಟಿಯ ಮೇಲೆ 33. ಪ್ರಶ್ನೆಯಲ್ಲಿ 50ರ ನೋಟು, 20ರ ನೋಟು, 2ರ ಎರಡು ನಾಣ್ಯ. ಉತ್ತರ 74.

ಕಮಲದ ಚೀಟಿಯ ಮೇಲೆ 74. ಪ್ರಶ್ನೆ: 50 ರೂಪಾಯಿಯ ನೋಟು ಕೊಟ್ಟು 38 ರೂಪಾಯಿಯ ಸಾಮಾನು ಕೊಂಡರೆ ಹಿಂದಿರುಗಿ ಬರಬೇಕಾದ ಚಿಲ್ಲರೆ ಎಷ್ಟು? ಉತ್ತರ 12.

ಬಸ್ಸಿನ ಚೀಟಿಯ ಮೇಲೆ 12. ಪ್ರಶ್ನೆಯಲ್ಲಿ ಒಂದು ಪಟ್ಟಿ: ತಲಾ 5 ರೂಪಾಯಿಯ ಎರಡು ಪೆನ್ಸಿಲು, 40 ರೂಪಾಯಿಯ ಒಂದು ನೋಟ್ ಪುಸ್ತಕ, 3 ರೂಪಾಯಿಯ ರಬ್ಬರು, 5 ರೂಪಾಯಿಯ ಮೆಂಡರು. ಉತ್ತರ 58.

ಗಾಳಿಪಟದ ಚೀಟಿಯ ಮೇಲೆ 58. ಪ್ರಶ್ನೆಯಲ್ಲಿ 200ರ ಒಂದು ನೋಟು, 20ರ ಒಂದು ನೋಟು. ಉತ್ತರ 220.

ಬುಗುರಿಯ ಚೀಟಿಯ ಮೇಲೆ 220. ಪ್ರಶ್ನೆ ಶಿಕ್ಷಕರ ಮೇಜಿನ ಮೇಲಿರುವ ಡಬ್ಬಿಯಲ್ಲಿದೆ. ಅದರಲ್ಲಿ ನಿಜವಾದ ನಾಣ್ಯಗಳಿರುತ್ತವೆ: 10ರ ನಾಲ್ಕು, 5ರ ಏಳು, 2ರ ಎಂಟು. ಉತ್ತರ 91.

ಎತ್ತಿನಗಾಡಿಯ ಚೀಟಿಯ ಮೇಲೆ 91. ಪ್ರಶ್ನೆ: 100 ರೂಪಾಯಿ ಕೊಟ್ಟು 64 ರೂಪಾಯಿಯ ತರಕಾರಿ ಕೊಂಡರೆ ಚಿಲ್ಲರೆ ಎಷ್ಟು? ಉತ್ತರ 36.

ತೆಂಗಿನಮರದ ಚೀಟಿಯ ಮೇಲೆ 36. ಪ್ರಶ್ನೆ: 88 ರೂಪಾಯಿಯನ್ನು ಅತ್ಯಂತ ಕಡಿಮೆ ನೋಟು-ನಾಣ್ಯಗಳಲ್ಲಿ ಕೊಡಬೇಕಾದರೆ ಒಟ್ಟು ಎಷ್ಟು ಬೇಕು? 50, 20, 10, 5, 2, 1 ಎಂದು ಉತ್ತರ 6.

ಮೀನಿನ ಚೀಟಿಯ ಮೇಲೆ 6; ಪ್ರಶ್ನೆಯಲ್ಲಿ 100ರ ನೋಟು, 10ರ ನೋಟು, 2ರ ಎರಡು ನಾಣ್ಯ, 1ರ ಒಂದು. ಉತ್ತರ 115, ಅಂದರೆ ಮತ್ತೆ ನವಿಲು.

ಚೀಟಿಗಳ ಮೇಲೆ ನಾಣ್ಯಗಳನ್ನು ಅಂಟಿಸುವಾಗ ಬೆಲೆಯ ಕ್ರಮದಲ್ಲಿ ಅಂಟಿಸಬಾರದು. ಮಾವಿನ ಚೀಟಿಯಲ್ಲಿ 2, 5, 1, 20, 5 ಎಂದು ಚೆಲ್ಲಾಪಿಲ್ಲಿಯಾಗಿರಲಿ. ಜೋಡಿಸಿಕೊಳ್ಳುವುದು ಮಕ್ಕಳು ಕಲಿಯಬೇಕಾದ ಕೆಲಸ. ಅದನ್ನು ನಾವೇ ಮಾಡಿಕೊಟ್ಟರೆ ಅವರಿಗೆ ಉಳಿಯುವುದು ಬರೀ ಕೂಡುವುದು.

ಮರಳು ಚೀಟಿಗಳು

ಈ ಆಟದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಈ ಭಾಗ. ಉತ್ತರ ತಪ್ಪಾದರೆ ಆ ಮೊತ್ತದ ಚೀಟಿ ಕೋಣೆಯಲ್ಲಿ ಎಲ್ಲಿಯೂ ಸಿಗುವುದಿಲ್ಲ, ತಂಡವು ಹುಡುಕಿ ಬೇಸತ್ತು ಶಿಕ್ಷಕರ ಬಳಿಗೆ ಬರುತ್ತದೆ. ಅದರ ಬದಲು, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳಿಂದ ಯಾವ ಮೊತ್ತ ಬರುತ್ತದೆಂಬುದನ್ನು ಮೊದಲೇ ಲೆಕ್ಕಹಾಕಿ, ಆ ಮೊತ್ತಗಳಿಗೂ ಚೀಟಿಗಳನ್ನು ಮಾಡಿ ಅಡಗಿಸಿಡಬೇಕು. ಅವುಗಳ ಕೆಳಗೆ ಹೊಸ ಪ್ರಶ್ನೆಯ ಬದಲು ಒಂದು ಸುಳಿವು ಇರುತ್ತದೆ, ತಂಡವು ಅದನ್ನು ಓದಿ ಹಿಂದಿನ ಚೀಟಿಗೆ ಮರಳಿ ಹೋಗುತ್ತದೆ.

ನವಿಲಿನ ಚೀಟಿಯಲ್ಲಿ 10, 20, 25 ಎಂದ ಮಗು ಕೊನೆಯ ಎರಡು ರೂಪಾಯಿಯನ್ನೂ ಐದೆಂದೇ ಎಣಿಸಿದರೆ 30 ಬರುತ್ತದೆ. 30ರ ಮರಳು ಚೀಟಿಯಲ್ಲಿ “ಕೊನೆಯ ನಾಣ್ಯದ ಮೇಲೆ ಯಾವ ಅಂಕೆಯಿದೆ? ಅಲ್ಲಿಂದ ಎಷ್ಟು ಮುಂದಕ್ಕೆ ಹೋಗಬೇಕು?” ಎಂದು ಬರೆಯಿರಿ. ಮಾವಿನ ಚೀಟಿಯಲ್ಲಿ ಐದರ ಓಟ ನಿಲ್ಲದಿದ್ದರೆ 40 ಬರುತ್ತದೆ. ಗಾಳಿಪಟದ ಚೀಟಿಯಲ್ಲಿ 200ನ್ನು 20 ಎಂದು ಓದಿದರೂ 40 ಬರುತ್ತದೆ. ನವಿಲಿನಲ್ಲಿ ನಾಲ್ಕು ನಾಣ್ಯಗಳನ್ನೂ ಹತ್ತೆಂದು ಎಣಿಸಿದರೂ 40 ಬರುತ್ತದೆ. ಆದ್ದರಿಂದ 40ರ ಮರಳು ಚೀಟಿಯ ಸುಳಿವು ಮೂವರಿಗೂ ಒಪ್ಪುವಂತಿರಬೇಕು: “ಒಂದೊಂದನ್ನೂ ಬೆರಳಿನಿಂದ ಮುಟ್ಟಿ, ಅದರ ಮೇಲಿರುವ ಸಂಖ್ಯೆಯನ್ನು ಗಟ್ಟಿಯಾಗಿ ಓದಿ.” ಕಮಲದ ಚೀಟಿಯಲ್ಲಿ 50ರಿಂದ 38ನ್ನು ಕಳೆಯುವಾಗ ದೊಡ್ಡ ಅಂಕೆಯಿಂದ ಚಿಕ್ಕದನ್ನು ಕಳೆದುಬಿಡುವ ಮಗುವಿಗೆ 28 ಸಿಗುತ್ತದೆ, ದಶಕ ತೆಗೆದುಕೊಂಡು ಅದನ್ನು ಕಡಿಮೆ ಮಾಡಲು ಮರೆತ ಮಗುವಿಗೆ 22 ಸಿಗುತ್ತದೆ. ಎತ್ತಿನಗಾಡಿಯಲ್ಲಿ ಅದೇ ಮರೆವಿನಿಂದ 46 ಬರುತ್ತದೆ. ಈ ಮೂರಕ್ಕೂ ಮರಳು ಚೀಟಿಯ ಸುಳಿವು ಒಂದೇ: “ಸಾಮಾನಿನ ಬೆಲೆಗೆ ನಿಮ್ಮ ಉತ್ತರವನ್ನು ಕೂಡಿ ನೋಡಿ. ಕೊಟ್ಟ ನೋಟಿನಷ್ಟು ಆಯಿತೇ?”

ಇಲ್ಲೊಂದು ಸೂಕ್ಷ್ಮವಿದೆ. ಒಂದು ಪ್ರಶ್ನೆಯ ತಪ್ಪು ಉತ್ತರವು ಇನ್ನೊಂದು ಪ್ರಶ್ನೆಯ ಸರಿ ಉತ್ತರವಾಗಿಬಿಟ್ಟರೆ ತಂಡವು ತಾನು ಸರಿಯೆಂದು ನಂಬಿ ಹಾರದ ಬೇರೆ ಕಡೆಗೆ ಜಿಗಿದುಬಿಡುತ್ತದೆ. ನವಿಲಿನ ಚೀಟಿಯಲ್ಲಿ ನಾಲ್ಕು ನಾಣ್ಯಗಳಿರುವುದರಿಂದ, ನಾಣ್ಯಗಳ ಸಂಖ್ಯೆಯನ್ನೇ ಹೇಳುವ ಮಗುವಿನ ಉತ್ತರ 4. ಹಾಗಾಗಿ ತೆಂಗಿನಮರದ ಚೀಟಿಗೆ 43 ರೂಪಾಯಿಯನ್ನು ಕೊಡಬಾರದು, ಏಕೆಂದರೆ ಅದರ ಸರಿ ಉತ್ತರವೂ 4. ಸಂಖ್ಯೆಗಳನ್ನು ಬದಲಿಸುವವರು ಈ ಹೋಲಿಕೆಯನ್ನು ಒಮ್ಮೆ ಕುಳಿತು ಪರಿಶೀಲಿಸಲೇಬೇಕು.

ಅಡಗಿಸುವುದು ಮತ್ತು ಹೊರಡಿಸುವುದು

ಹತ್ತು ಚೀಟಿಗಳನ್ನೂ ಐದು ಮರಳು ಚೀಟಿಗಳನ್ನೂ ಮಕ್ಕಳ ಕಣ್ಣೆತ್ತರದಲ್ಲಿಯೇ ಇಡಬೇಕು: ಕಿಟಕಿಯ ಕಟ್ಟೆ, ಭೂಪಟದ ಹಿಂಬದಿ, ಓದುವ ಮೂಲೆಯ ಪುಸ್ತಕಗಳ ನಡುವೆ, ಗಣಿತದ ಕಿಟ್ಟಿನ ಪೆಟ್ಟಿಗೆಯ ಪಕ್ಕ, ಬಾಗಿಲಿನ ಮರೆ, ಜಗಲಿಯ ಕಂಬ. ಸ್ವಿಚ್ ಬೋರ್ಡಿನ ಹತ್ತಿರವೂ ಬೆಂಚು ಹತ್ತಬೇಕಾದ ಎತ್ತರದಲ್ಲೂ ಬೇಡ. ತೀರಾ ಗುಪ್ತವಾಗಿ ಅಡಗಿಸಿದರೆ ಪೀರಿಯಡ್ಡು ಹುಡುಕುವುದರಲ್ಲೇ ಕಳೆದುಹೋಗುತ್ತದೆ. ಇದು ಎಣಿಕೆಯ ಪಾಠವೆಂಬುದನ್ನು ಮರೆಯಬಾರದು. ಸಿಕ್ಕ ಚೀಟಿಯನ್ನು ಯಾರೂ ಕಿತ್ತುಕೊಂಡು ಹೋಗಬಾರದು, ಓದಿ ಅಲ್ಲಿಯೇ ಬಿಡಬೇಕು ಎಂಬ ನಿಯಮವನ್ನು ಆರಂಭದಲ್ಲೇ ಎರಡು ಸಲ ಹೇಳಿ, ಹಿಂದೆ ಕುಳಿತ ಒಬ್ಬರಿಂದ ಹೇಳಿಸಿ.

ಮೂರು ಮಕ್ಕಳ ತಂಡ ಸರಿಯಾದದ್ದು. ನಾಲ್ಕಾದರೆ ಒಬ್ಬರು ಸುಮ್ಮನೆ ಹಿಂಬಾಲಿಸುತ್ತಾರೆ, ಇಬ್ಬರಾದರೆ ಒಬ್ಬರೇ ಎಲ್ಲವನ್ನೂ ಮಾಡುತ್ತಾರೆ. ಒಬ್ಬರು ಎಣಿಸುವವರು, ಒಬ್ಬರು ಬರೆಯುವವರು, ಒಬ್ಬರು ಕೇಳಿ ಪರೀಕ್ಷಿಸುವವರು. ಪ್ರತಿ ಚೀಟಿಯಲ್ಲೂ ಕೆಲಸ ಬದಲಾಗಬೇಕು. 24 ಮಕ್ಕಳಿದ್ದರೆ ಎಂಟು ತಂಡಗಳಾಗುತ್ತವೆ, ಹತ್ತು ಚೀಟಿಗಳಲ್ಲಿ ಎಂಟರಿಂದ ಒಂದೊಂದು ತಂಡ ಹೊರಡುತ್ತದೆ. 30ಕ್ಕಿಂತ ಹೆಚ್ಚಿದ್ದರೆ ಬೇರೆ ಬಣ್ಣದ ಕಾಗದದಲ್ಲಿ ಇನ್ನೊಂದು ಹಾರವನ್ನು ಮಾಡಿ ಜಗಲಿಯಲ್ಲಿ ಇಡುವುದು ಒಳ್ಳೆಯದು.

ತಂಡದ ಕೈಯಲ್ಲಿ ಒಂದು ಹಾಳೆ ಇರುತ್ತದೆ. ಅದರಲ್ಲಿ ಚೀಟಿಯ ಚಿತ್ರದ ಹೆಸರು ಮತ್ತು ಉತ್ತರವನ್ನು ಬರೆದರೆ ಸಾಲದು. ಎಣಿಸಿದ ಹಾದಿಯನ್ನೂ ಬರೆಯಬೇಕು. ಮಾವಿನ ಚೀಟಿಯ ಎದುರು “20, 25, 30, 32, 33” ಎಂದಿರಬೇಕು. ಈ ಒಂದು ಸಾಲಿನಿಂದ ಮಗು ದೊಡ್ಡದರಿಂದ ಹೊರಟಿತೇ, ಜಿಗಿತವನ್ನು ಸರಿಯಾದ ಜಾಗದಲ್ಲಿ ಬದಲಿಸಿತೇ ಎಂಬುದೆಲ್ಲ ತಿಳಿಯುತ್ತದೆ. ಎಣಿಸುವವರು ಅದನ್ನು ಗಟ್ಟಿಯಾಗಿ, ಕನ್ನಡದಲ್ಲಿಯೇ ಹೇಳಬೇಕೆಂದು ನಾನು ಒತ್ತಾಯಿಸುತ್ತೇನೆ. ಇಪ್ಪತ್ತು, ಇಪ್ಪತ್ತೈದು, ಮೂವತ್ತು, ಮೂವತ್ತೆರಡು, ಮೂವತ್ತಮೂರು: ನಮ್ಮ ಸಂಖ್ಯಾಪದಗಳಲ್ಲಿ ದಶಕ ಮೊದಲು, ಬಿಡಿ ಆಮೇಲೆ ಬರುವುದರಿಂದ ಮೊತ್ತ ಬೆಳೆಯುವ ರೀತಿ ಕಿವಿಗೇ ಕೇಳಿಸುತ್ತದೆ.

ಪರೀಕ್ಷೆ ಸುಲಭ. ಚಿತ್ರಗಳ ಸರಿಯಾದ ಕ್ರಮವನ್ನು ಒಂದು ತುಂಡು ಕಾಗದದಲ್ಲಿ ವೃತ್ತಾಕಾರವಾಗಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಆನೆಯಿಂದ ಹೊರಟ ತಂಡದ ಹಾಳೆಯಲ್ಲಿ ಆನೆ, ಕಮಲ, ಬಸ್ಸು, ಗಾಳಿಪಟ ಎಂದೇ ಇರಬೇಕು. ಎಲ್ಲಿಯಾದರೂ ಸರಪಳಿ ತಪ್ಪಿದ್ದರೆ ಒಂದು ನೋಟಕ್ಕೇ ಕಾಣುತ್ತದೆ. ಶಿಕ್ಷಕರು ಉತ್ತರ ಸರಿಯೋ ತಪ್ಪೋ ಎಂದು ಹೇಳಬೇಕಾದ ಸಂದರ್ಭ ಬಹುತೇಕ ಬರುವುದಿಲ್ಲ. ಆ ಸಮಯವನ್ನು ಹಿಂದುಳಿದ ಒಂದೆರಡು ತಂಡಗಳ ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಅವರ ಎಣಿಕೆಯನ್ನು ಕೇಳುವುದಕ್ಕೆ ಬಳಸಿ. ಮೊದಲು ಮುಗಿಸಿದವರಿಗೆ ಬಹುಮಾನವನ್ನು ನಾನು ಇಡುವುದಿಲ್ಲ. ಬಹುಮಾನವಿಟ್ಟ ದಿನ ಎಣಿಸುವವರೂ ಬರೆಯುವವರೂ ತಂಡದ ಒಬ್ಬನೇ ಆಗಿಬಿಡುತ್ತಾನೆ.

ಬುಗುರಿಯ ಡಬ್ಬಿಯ ಬಗ್ಗೆ ಒಂದು ಮಾತು. ಅದರಲ್ಲಿರುವ 19 ನಾಣ್ಯಗಳು ನಿಜವಾದವು, ಆದ್ದರಿಂದ ಡಬ್ಬಿ ಶಿಕ್ಷಕರ ಕಣ್ಣೆದುರಿಗೇ ಇರಲಿ. ಎಣಿಸಿದ ತಂಡವು ಮೊತ್ತವನ್ನು ಶಿಕ್ಷಕರಿಗೆ ಮಾತ್ರ ಕೇಳುವಂತೆ ಹೇಳಿ ಡಬ್ಬಿಯನ್ನು ಅವರ ಕೈಗೆ ಒಪ್ಪಿಸಬೇಕು. ಮಕ್ಕಳು ಗುಡ್ಡೆಯನ್ನು ಸುರಿದುಕೊಂಡು ಏನು ಮಾಡುತ್ತಾರೆಂದು ಗಮನಿಸಿ. ಕೆಲವರು ಕೈಗೆ ಸಿಕ್ಕಿದ್ದನ್ನು ಸಿಕ್ಕಂತೆ ಕೂಡುತ್ತಾ ಹೋಗಿ 60ರ ಹೊತ್ತಿಗೆ ದಾರಿ ತಪ್ಪುತ್ತಾರೆ. ಕೆಲವರು ಬೆಲೆಗೆ ತಕ್ಕಂತೆ ಮೂರು ಸಾಲು ಮಾಡಿ 40, 35, 16 ಎಂದು ಕಂಡುಕೊಂಡು ಕೂಡುತ್ತಾರೆ. ಅಪರೂಪಕ್ಕೊಬ್ಬರು ಐದರ ಎರಡೆರಡು ನಾಣ್ಯಗಳನ್ನೂ ಎರಡರ ಐದೈದು ನಾಣ್ಯಗಳನ್ನೂ ಪೇರಿಸಿ ಹತ್ತರ ಕಂತೆಗಳನ್ನು ಮಾಡುತ್ತಾರೆ. ದಿನದ ವ್ಯಾಪಾರ ಮುಗಿದ ಮೇಲೆ ಕಿರಾಣಿ ಅಂಗಡಿಯವರು ಗಲ್ಲಾಪೆಟ್ಟಿಗೆಯನ್ನು ಎಣಿಸುವುದು ಹೀಗೆಯೇ. ಮೂರೂ ಬಗೆಯವರನ್ನು ಆಟದ ನಂತರ ಕಪ್ಪುಹಲಗೆಯ ಮುಂದೆ ಕರೆದು ತಮ್ಮ ತಮ್ಮ ರೀತಿಯನ್ನು ತೋರಿಸಲು ಹೇಳಿ. ಯಾವುದು ಮೇಲೆಂದು ನಾವು ಹೇಳುವ ಅಗತ್ಯವೇ ಬೀಳುವುದಿಲ್ಲ.

ಚಿಲ್ಲರೆ ಕೊಡುವ ಲೆಕ್ಕ

ಕಮಲ ಮತ್ತು ಎತ್ತಿನಗಾಡಿಯ ಚೀಟಿಗಳಲ್ಲಿ ತಂಡಗಳು ಹೆಚ್ಚು ಹೊತ್ತು ನಿಲ್ಲುತ್ತವೆ. ಮಕ್ಕಳು ವ್ಯವಕಲನವನ್ನು ಬರೆದು ಮಾಡಲು ಹೊರಡುತ್ತಾರೆ. ಅಂಗಡಿಯವರು ಎಂದೂ ಹಾಗೆ ಮಾಡುವುದಿಲ್ಲ. 38ರ ಸಾಮಾನಿಗೆ 50 ಕೊಟ್ಟರೆ ಅವರು ಮೊದಲು ಎರಡು ರೂಪಾಯಿ ಕೈಗಿಟ್ಟು “ನಲವತ್ತು” ಎನ್ನುತ್ತಾರೆ, ಆಮೇಲೆ ಹತ್ತು ಇಟ್ಟು “ಐವತ್ತು” ಎನ್ನುತ್ತಾರೆ. ಕೊಟ್ಟದ್ದು 12, ಕಳೆಯುವ ಲೆಕ್ಕ ಒಂದೂ ಇಲ್ಲ. 64ರಿಂದ 100ಕ್ಕೂ ಹೀಗೆಯೇ: ಒಂದು ರೂಪಾಯಿ ಇಟ್ಟು 65, ಐದು ಇಟ್ಟು 70, ಹತ್ತು ಇಟ್ಟು 80, ಇಪ್ಪತ್ತು ಇಟ್ಟು 100. ಈ ರೀತಿಯನ್ನು ಆಟಕ್ಕೆ ಮೊದಲೇ ಕಲಿಸುವುದೋ ನಂತರವೋ ಎಂಬುದು ಶಿಕ್ಷಕರ ವಿವೇಚನೆಗೆ ಬಿಟ್ಟದ್ದು. ನಾನು ನಂತರವೇ ಕಲಿಸುತ್ತೇನೆ. 28 ಮತ್ತು 22ರ ಮರಳು ಚೀಟಿಗಳಿಗೆ ಒಮ್ಮೆ ಹೋಗಿ ಬಂದ ಮಕ್ಕಳು ಆ ದಿನ ಕಿವಿಗೊಟ್ಟು ಕೇಳುವಷ್ಟು ಬೇರೆ ದಿನ ಕೇಳುವುದಿಲ್ಲ. ಬಸ್ಸಿನ ಕಂಡಕ್ಟರು ಚಿಲ್ಲರೆಯಿಲ್ಲದಾಗ ಟಿಕೆಟಿನ ಹಿಂಬದಿಯಲ್ಲಿ ಕೊಡಬೇಕಾದ ಬಾಕಿಯನ್ನು ಬರೆದುಕೊಡುವುದು ಮಕ್ಕಳಿಗೆ ಗೊತ್ತಿರುವ ಸಂಗತಿ. ಹಳೆಯ ಟಿಕೆಟ್ಟುಗಳನ್ನು ಸಂಗ್ರಹಿಸಿ, ಹಿಂಬದಿಯಲ್ಲಿ ಬಾಕಿ ಬರೆದು, ಕೊಟ್ಟ ನೋಟು ಯಾವುದಿರಬಹುದೆಂದು ಕೇಳಿದರೆ ಅದೇ ಲೆಕ್ಕ ತಿರುಗುಮುರುಗಾಗಿ ಬರುತ್ತದೆ.

ಸಮಯ, ಮುಂದಿನ ಹೆಜ್ಜೆಗಳು

ಒಂದು ಪೀರಿಯಡ್ಡಿನಲ್ಲಿ ಹತ್ತೂ ಚೀಟಿಗಳು ಎಲ್ಲ ತಂಡಗಳಿಗೂ ಮುಗಿಯುವುದಿಲ್ಲ. ಸೇರಿಕೊಂಡ ಎರಡು ಪೀರಿಯಡ್ಡುಗಳು ಸಿಕ್ಕರೆ ಉತ್ತಮ. ಸಿಗದಿದ್ದರೆ ಹಾಳೆಗಳನ್ನು ಇಸಿದುಕೊಂಡು, ಚೀಟಿಗಳನ್ನು ಹಾಗೆಯೇ ಬಿಟ್ಟು, ಮರುದಿನ ನಿಂತಲ್ಲಿಂದ ಮುಂದುವರಿಸಿ. ಬೇಗ ಮುಗಿಸಿದ ತಂಡಗಳಿಗೆ ಒಂದು ಕೆಲಸ ಬೇಕಾಗುತ್ತದೆ. ಅವರಿಗೆ ಭೂತಗನ್ನಡಿಯೊಂದನ್ನೂ ಬೆರಳೆಣಿಕೆಯ ನಾಣ್ಯಗಳನ್ನೂ ಕೊಟ್ಟು, ಇಸವಿಯ ಕೆಳಗಿರುವ ಗುರುತನ್ನು ಹುಡುಕಲು ಹೇಳಿ. ನಕ್ಷತ್ರವಿದ್ದರೆ ಆ ನಾಣ್ಯ ಹೈದರಾಬಾದಿನ ಟಂಕಸಾಲೆಯದು, ವಜ್ರದ ಆಕಾರವಿದ್ದರೆ ಮುಂಬಯಿಯದು, ಚುಕ್ಕೆಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು. ಯಾವ ಊರಿನ ನಾಣ್ಯಗಳ ಮೊತ್ತ ಎಷ್ಟೆಂದು ಅವರೇ ಬೇರ್ಪಡಿಸಿ ಎಣಿಸಲಿ.

ಎರಡನೆಯ ತರಗತಿಗೆ ಈ ಆಟವನ್ನು ಇಳಿಸುವುದಾದರೆ ಆರು ಚೀಟಿ ಸಾಕು, 50 ರೂಪಾಯಿ ಮೀರಬಾರದು, ಒಂದು ಚೀಟಿಯಲ್ಲಿ ಎರಡು ಬಗೆಯ ನಾಣ್ಯಕ್ಕಿಂತ ಹೆಚ್ಚು ಬೇಡ. ಐದನೆಯ ತರಗತಿಗೆ ಪೈಸೆಯನ್ನು ಸೇರಿಸಬಹುದು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ 30ರ ನಂತರ ಸಲ್ಲುವುದಿಲ್ಲ, 50 ಪೈಸೆ ಮಾತ್ರ ಈಗಲೂ ಸಲ್ಲುತ್ತದೆ, ಆದರೆ ಕೈಗೆ ಸಿಗುವುದು ಅಪರೂಪ. ಆ ಮಕ್ಕಳಿಗೆ ಮನೆಗೆಲಸವಾಗಿ ಅಜ್ಜ-ಅಜ್ಜಿಯರನ್ನು ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆಗಳ ಬಗ್ಗೆ ಕೇಳಿಬರಲು ಹೇಳಿ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬರುವ ಮೊದಲು ರೂಪಾಯಿಗೆ 16 ಆಣೆ. ಆದ್ದರಿಂದ ನಾಲ್ಕಾಣೆಯೆಂದರೆ ರೂಪಾಯಿಯ ಕಾಲುಭಾಗ, ಎಂಟಾಣೆಯೆಂದರೆ ಅರ್ಧ, ಹನ್ನೆರಡಾಣೆಯೆಂದರೆ ಮುಕ್ಕಾಲು. ಭಿನ್ನರಾಶಿಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ನಾನು ಕಂಡಿಲ್ಲ. ಶಾಲೆಯಲ್ಲಿ ಮಕ್ಕಳ ಸಂತೆ ನಡೆಯುವುದಿದ್ದರೆ ಈ ಆಟವನ್ನು ಅದಕ್ಕೆ ಒಂದು ವಾರ ಮೊದಲು ಆಡಿಸುವುದು ಒಳ್ಳೆಯದು. ಸೊಪ್ಪಿನ ಕಟ್ಟು ಮಾರಲು ಕುಳಿತ ಮಗು ಆಗ ಹಿಂದೆ ನಿಂತ ಅಮ್ಮನತ್ತ ತಿರುಗದೆ ತಾನೇ ಚಿಲ್ಲರೆ ಎಣಿಸಿಕೊಡುತ್ತದೆ.

ಆಟ ಮುಗಿದ ಮೇಲೆ ಡಬ್ಬಿಯ 91 ರೂಪಾಯಿಯನ್ನು ತರಗತಿಯ ಎದುರಿಗೇ ಇಬ್ಬರು ಮಕ್ಕಳಿಂದ ಎಣಿಸಿ ತೆಗೆದಿಡಿ. ಚೀಟಿಗಳನ್ನು ದಪ್ಪ ರಟ್ಟಿಗೆ ಅಂಟಿಸಿದ್ದರೆ ಅವು ಮುಂದಿನ ವರ್ಷಕ್ಕೂ ಬರುತ್ತವೆ. ಹಾರವನ್ನು ಒಂದು ಲಕೋಟೆಯಲ್ಲಿ, ಮರಳು ಚೀಟಿಗಳನ್ನು ಇನ್ನೊಂದರಲ್ಲಿ ಹಾಕಿ, ಯಾವ ಮರಳು ಚೀಟಿಗೆ ಎಷ್ಟು ತಂಡಗಳು ಹೋಗಿಬಂದವೆಂಬುದನ್ನು ಲಕೋಟೆಯ ಮೇಲೆ ಬರೆದಿಡಿ. ಮರುದಿನದ ಪಾಠವನ್ನು ಆ ಎಣಿಕೆಯಿಂದಲೇ ಆರಂಭಿಸಬಹುದು.